ಮಗೂನ ಎಮರ್ಜೆನ್ಸಿಗೆ ಕರ್ಕೊಂಡು ಹೋದ್ರೆ ಒಳಗೆ ಏನೇನು ನಡೆಯುತ್ತೆ? ಗೊತ್ತಿರೋರು ಹೇಳಿ

ನಾಗಸಂದ್ರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂದು ವರ್ಷ ಹತ್ತು ತಿಂಗಳು. ಹೋದ ವಾರ ರಾತ್ರಿ ಜ್ವರ ಏರಿ ಫಿಟ್ಸ್ ಬಂತು. ಈಗ ಆರಾಮಾಗಿದ್ದಾನೆ, ಟೀವಿ ರಿಮೋಟ್ ಕಚ್ಕೊಂಡು ಮನೆಯೆಲ್ಲಾ ಓಡಾಡ್ತಿದ್ದಾನೆ. ಡಾಕ್ಟರು "ಇದು ಜ್ವರದ ಫಿಟ್ಸ್, ಐದಾರು ವರ್ಷ ತುಂಬೋವರೆಗೆ ಜ್ವರ ಬಂದಾಗ ಮತ್ತೆ ಬಂದ್ರೂ ಬರಬಹುದು, ಗಾಬರಿ ಆಗ್ಬೇಡಿ" ಅಂತ ಹೇಳಿ ಕಳಿಸಿದ್ರು. ಮತ್ತೆ ಬರಬಹುದು ಅಂದ್ಮೇಲೆ ಮತ್ತೆ ಅಲ್ಲಿಗೆ ಓಡಬೇಕಲ್ಲ. ನಿಜ ಹೇಳ್ತೀನಿ, ನಂಗೆ ಫಿಟ್ಸ್‌ಗಿಂತ ಆ ಎಮರ್ಜೆನ್ಸಿ ರೂಮೇ ಹೆಚ್ಚು ಹೆದರಿಕೆ ಹುಟ್ಟಿಸಿದೆ.

ಮೊದಲು ಮನೆ ಹತ್ರದ ನರ್ಸಿಂಗ್ ಹೋಮ್‌ಗೆ ಹೋದ್ವಿ. ರಾತ್ರಿ ಮಕ್ಕಳ ಡಾಕ್ಟರ್ ಇರಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಅಂದ್ರು. ಆಟೋದಲ್ಲಿ ಹೋಗೋವಾಗ್ಲೇ ಫಿಟ್ಸ್ ನಿಂತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರೇ ಒಳಗೆ ಅಂತ ನಮ್ಮೆಜಮಾನ್ರನ್ನ ಹೊರಗೇ ನಿಲ್ಲಿಸಿದ್ರು. ಒಬ್ರು ಸಿಸ್ಟರ್ ಕಾಲ್ಬೆರಳಿಗೆ ಕ್ಲಿಪ್ ಹಾಕಿ ನೋಡಿ "ಕೂತ್ಕೊಳ್ಳಿ" ಅಂದ್ರು. ನನ್ನ ಮಗ ಕಿಟಾರಂತ ಕಿರುಚ್ತಿದ್ದಾನೆ, ಯಾರೂ ತಿರುಗಿ ನೋಡಲ್ಲ. ನಮಗಿಂತ ಎಷ್ಟೋ ಹೊತ್ತಾದ ಮೇಲೆ ಒಬ್ಬರು ಮಗೂನ ಹೆಗಲ ಮೇಲೆ ಹಾಕ್ಕೊಂಡು ಬಂದ್ರು. ಅದು ಅಳ್ತಾನೂ ಇರಲಿಲ್ಲ. ಅವರನ್ನ ಸೀದಾ ಒಳಗೆ ಕರ್ಕೊಂಡ್ರು! ಪರಿಚಯದವರಿರಬೇಕು ಅಂದ್ಕೊಂಡೆ.

ಆಮೇಲೆ ನಮ್ಮ ಸರದಿ. ಚಳಿಯಲ್ಲಿ ಬಟ್ಟೆ ಎಲ್ಲಾ ಬಿಚ್ಚಿಸಿದ್ರು. ಹಾಲು ಕುಡಿಸೋಕೆ ಹೋದ್ರೆ ಬಿಡಲಿಲ್ಲ. ಕೈಗೆ ಚುಚ್ಚಿದ್ರು, ಸಿಗಲಿಲ್ಲ ಅಂತ ಇನ್ನೊಂದು ಕೈಗೆ ಚುಚ್ಚಿದ್ರು. ಹಣೆ ಮೇಲೆ ಒಂದು ಹಳೇ ಬುಗುಟು ಇತ್ತು, ಎರಡು ದಿನದ ಹಿಂದೆ ಮಂಚದಿಂದ ಬಿದ್ದಿದ್ದ. "ಇದು ಹೇಗಾಯ್ತು, ಯಾವಾಗಾಯ್ತು, ಆಗ ಮನೇಲಿ ಯಾರಿದ್ರು" ಅಂತ ಒಬ್ಬರಾದ ಮೇಲೆ ಒಬ್ಬರು ಬಂದು ಅದನ್ನೇ ಕೇಳಿದ್ರು. ಕೊನೆಗೆ ಎಂಎಲ್‌ಸಿ ಅಂತ ಏನೋ ಬರೆದ್ರು. ಪೊಲೀಸ್ ಅಂದ ತಕ್ಷಣ ನಮ್ಮೆಜಮಾನ್ರು ರೇಗಿಬಿಟ್ರು. ನಮ್ಮತ್ತೆ ಈಗಲೂ ಹೇಳ್ತಾರೆ, "ನಾನು ಕೈಗೆ ಬೀಗದ ಕೈ ಕೊಟ್ಟಿದ್ದಕ್ಕೇ ಬಾಲಗ್ರಹ ನಿಂತಿದ್ದು, ನೀವು ಸುಮ್ನೆ ಆಸ್ಪತ್ರೆಗೆ ದುಡ್ಡು ಸುರಿದ್ರಿ" ಅಂತ.

ಇದೆಲ್ಲಾ ಎಲ್ಲಾ ಕಡೆ ಹೀಗೇನಾ, ಇಲ್ಲ ನಮಗೆ ಮಾತ್ರ ಹೀಗಾಯ್ತಾ? ಮುಂದಿನ ಸಲ ಹೋಗೋವಾಗ ಏನು ತಗೊಂಡು ಹೋಗ್ಬೇಕು, ಏನು ಹೇಳ್ಬೇಕು?


ಕ್ಯಾಶುಯಾಲ್ಟಿ ಸಿಸ್ಟರ್, ಮೈಸೂರು

ತಾಯಿ, ನಾನು ಮಕ್ಕಳ ಕ್ಯಾಶುಯಾಲ್ಟಿಯಲ್ಲಿ ಸ್ಟಾಫ್ ನರ್ಸ್. ನೀವು ಬರೆದಿರೋದ್ರಲ್ಲಿ ಮುಕ್ಕಾಲು ಪಾಲು ನಾವು ದಿನಾ ಮಾಡೋದೇ. ಮಾಡಿದ್ದು ಸರಿ, ಯಾಕೆ ಅಂತ ಒಂದು ಮಾತು ಹೇಳದೆ ಮಾಡ್ತೀವಲ್ಲ, ಅದು ಸರಿಯಲ್ಲ. ಅವರು ಹೇಳದೇ ಬಿಟ್ಟಿದ್ದನ್ನ ನಾನು ಹೇಳ್ತೀನಿ.

ಮೊದಲು ಆ ಹೆಗಲ ಮೇಲಿನ ಮಗು. ಪರಿಚಯ ಗಿರಿಚಯ ಏನಿಲ್ಲ. ಇಲ್ಲಿ ಟೋಕನ್ ಲೆಕ್ಕ ನಡೆಯಲ್ಲ. ಮಗು ಬಾಗಿಲಲ್ಲಿ ಬರ್ತಿದ್ದ ಹಾಗೆ, ಮುಟ್ಟೋಕೂ ಮುಂಚೆ, ದೂರದಿಂದಲೇ ಮೂರು ನೋಡ್ತೀವಿ: ಹೇಗಿದೆ, ಉಸಿರು ಹೇಗೆ ಎಳೀತಿದೆ, ಮೈಬಣ್ಣ ಹೇಗಿದೆ. ಅಮ್ಮನ ಮುಖ ನೋಡ್ತಿದೆಯಾ, ಪಕ್ಕೆಲುಬಿನ ಸಂದು ಒಳಗೆ ಎಳ್ಕೊಳ್ತಿದೆಯಾ, ಉಸಿರು ಬಿಡೋವಾಗ ಮುಲುಕ್ತಿದೆಯಾ, ತುಟಿ ನೀಲಿ ಆಗಿದೆಯಾ, ಮೈ ಬಿಳಿಚ್ಕೊಂಡಿದೆಯಾ. ಇಷ್ಟರಲ್ಲೇ ಕೆಂಪು, ಹಳದಿ, ಹಸಿರು ಅಂತ ನಮ್ಮ ತಲೇಲಿ ವಿಂಗಡಣೆ ಆಗಿಹೋಗಿರುತ್ತೆ. ಇದಕ್ಕೆ ಟ್ರಯಾಜ್ ಅಂತೀವಿ. ನಿಮ್ಮ ಮಗ ಕಿಟಾರಂತ ಕಿರುಚ್ತಿದ್ದ ಅಂದ್ರಲ್ಲ, ನೀವು ಕಾದಿದ್ದಕ್ಕೆ ಕಾರಣವೇ ಅದು. ಅಷ್ಟು ಜೋರಾಗಿ ಕಿರುಚೋ ಮಗುವಿಗೆ ಗಾಳಿ ಸರಾಗವಾಗಿ ಆಡ್ತಿದೆ, ಫಿಟ್ಸ್ ಮುಗಿದು ಎಚ್ಚರ ಬಂದಿದೆ ಅಂತ ಅರ್ಥ. ನಮಗೆ ಎದೆ ಧಸಕ್ ಅನ್ನೋದು ಹೆಗಲ ಮೇಲೆ ಜೋತುಬಿದ್ದು, ಯಾರು ಎತ್ಕೊಂಡ್ರೂ ಸುಮ್ಮನಿರೋ ಮಗೂನ ಕಂಡಾಗ. ಆ ತಂದೆ ಅವತ್ತು ನಿಮ್ಮ ಕಡೆ ನೋಡಿ, ನಮ್ಮದೂ ಹಂಗೆ ಕೂಗಿದ್ರೆ ಸಾಕಿತ್ತು ಅಂದ್ಕೊಂಡಿರ್ತಾರೆ.

ಹಾಗಂತ "ಕೂತ್ಕೊಳ್ಳಿ" ಅಂದ್ರೆ ಬಾಯಿ ಮುಚ್ಕೊಂಡು ಕೂತಿರಿ ಅಂತ ಅಲ್ಲ. ಕೂತಲ್ಲೇ ಮಕ್ಕಳ ಸ್ಥಿತಿ ಬದಲಾಗುತ್ತೆ. ಮತ್ತೆ ಫಿಟ್ಸ್ ಬಂತು, ಎಬ್ಬಿಸಿದ್ರೆ ಏಳ್ತಿಲ್ಲ, ಉಸಿರು ಬೇರೆ ಥರ ಆಯ್ತು ಅಂತ ಕಂಡ್ರೆ ಎದ್ದು ಬಂದು "ಆಗ ನೋಡಿದ್ರಲ್ಲ, ಈಗ ಹಂಗಿಲ್ಲ" ಅನ್ನಿ. ಆ ಮಾತಿಗೆ ಎಂಥಾ ಸಿಡುಕು ಸಿಸ್ಟರ್ ಆದ್ರೂ ತಿರುಗಿ ನೋಡ್ತಾಳೆ. "ಎಷ್ಟೊತ್ತು ಕಾಯಿಸ್ತೀರಿ" ಅಂದ್ರೆ ತಿರುಗಲ್ಲ, ಯಾಕಂದ್ರೆ ಅದನ್ನ ಎಲ್ಲರೂ ಹೇಳ್ತಾರೆ.

ಬಟ್ಟೆ ಬಿಚ್ಚಿಸೋದು ಯಾಕೆ ಅಂದ್ರೆ, ಎದೆ ಹೇಗೆ ಏರಿಳೀತಿದೆ ಅಂತ ಸ್ವೆಟರ್ ಮೇಲಿಂದ ಕಾಣಲ್ಲ. ಡೆಂಗಿ ಕಾಲದಲ್ಲಿ ಚರ್ಮದ ಕೆಳಗೆ ಸಣ್ಣ ಕೆಂಪು ಚುಕ್ಕೆ ಹುಡುಕ್ತೀವಿ. ಬಿದ್ದ ಗಾಯ, ಕಚ್ಚಿದ ಗುರುತು ಎಲ್ಲಾ ಆಗಲೇ ಸಿಗೋದು. ಜ್ವರದ ಮಗುವಿಗೆ ಕಂಬಳಿ ಸುತ್ತಿದ್ರೆ ಕಾವು ಹೊರಗೆ ಹೋಗೋದಾದ್ರೂ ಹೇಗೆ? ಇನ್ನು ಹಾಲು ಬೇಡ ಅಂದಿದ್ದು. ಫಿಟ್ಸ್ ಆದ ಮೇಲೆ ಮಗು ಮಂಪರಲ್ಲಿರುತ್ತೆ. ಹೊಟ್ಟೆ ತುಂಬಿ ವಾಂತಿ ಮಾಡ್ಕೊಂಡ್ರೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ನಿದ್ದೆ ಬರಿಸಿ ಏನಾದ್ರೂ ಮಾಡಬೇಕಾಗಿ ಬಂದ್ರಂತೂ ಹೊಟ್ಟೆ ಖಾಲಿ ಇರಲೇಬೇಕು. ಎದೆಹಾಲಾದ್ರೂ ಒಂದು ಮಾತು ಕೇಳಿಯೇ ಕುಡಿಸಿ. ಬೆರಳಿಗೆ ಚುಚ್ಚಿ ಒಂದು ತೊಟ್ಟು ರಕ್ತ ತೆಗೆದಿರ್ತಾರೆ, ಅದು ಸಕ್ಕರೆ ಅಂಶ ನೋಡೋಕೆ. ಸಕ್ಕರೆ ಕಮ್ಮಿ ಆದ್ರೂ ಫಿಟ್ಸ್ ಬರುತ್ತೆ, ಅದಕ್ಕೆ ಔಷಧಿ ಬೇರೆ.

ಕೈಗೆ ಎರಡು ಸಲ ಚುಚ್ಚಿದ್ದಕ್ಕೆ ನನ್ನ ಕುಲಬಾಂಧವರ ಪರವಾಗಿ ಏನು ಹೇಳಲಿ! ಎರಡು ವರ್ಷದ ಗುಂಡು ಕೈಯಲ್ಲಿ ನರ ಕಾಣಲ್ಲ, ಬೆರಳಿಗೆ ಸಿಕ್ಕಿದ್ದು ಸೂಜಿಗೆ ಸಿಗಲ್ಲ. ಹಳದಿ ಬಣ್ಣದ ಕ್ಯಾನ್ಯುಲಾ (ಔಷಧಿ, ಡ್ರಿಪ್ ಹರಿಸೋಕೆ ನರಕ್ಕೆ ಹಾಕೋ ನಳಿಕೆ) ಅಂತ ಇರುತ್ತೆ, ಅದು ಚಿಕ್ಕ ಮಕ್ಕಳಿಗೆ ಅಂತಲೇ ಇರೋ ಸಣ್ಣದು. ಅದನ್ನೂ ಒಂದೇ ಏಟಿಗೆ ಹಾಕೋರು ಅಪರೂಪ. ಒಂದು ಕೆಲಸ ಮಾಡಿ: ಇಬ್ಬರು ಚುಚ್ಚಿ ಆಗಲಿಲ್ಲ ಅಂದ್ರೆ "ಸೀನಿಯರ್ ಸಿಸ್ಟರ್ ಇದ್ದಾರಾ" ಅಂತ ಕೇಳಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಒಂದು ಸಲ ಕೂತಿತು ಅಂದ್ರೆ ಅದಕ್ಕೆ ರಟ್ಟು ಕಟ್ಟಿ ಪ್ಲಾಸ್ಟರ್ ಸುತ್ತಿ ಬಾಕ್ಸಿಂಗ್ ಗ್ಲೌಸ್ ಥರ ಮಾಡ್ತೀವಲ್ಲ, ಅದನ್ನ ಮಗು ಕಿತ್ತು ಹಾಕದ ಹಾಗೆ ನೋಡ್ಕೊಳ್ಳೋದು ನಿಮ್ಮ ಕೆಲಸ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ. ಏನು ತರಬೇಕು ಅನ್ನೋದಕ್ಕಿಂತ ಏನು ಹೇಳ್ಬೇಕು ಅನ್ನೋದು ದೊಡ್ಡದು. ಬಂದ ತಕ್ಷಣ ಒಂದೇ ಉಸಿರಲ್ಲಿ ಹೀಗೆ ಹೇಳಿ: "ಒಂದು ವರ್ಷ ಹತ್ತು ತಿಂಗಳು, 11 ಕೆಜಿ. ಸಂಜೆಯಿಂದ ಜ್ವರ. ಒಂಬತ್ತು ಮುಕ್ಕಾಲಿಗೆ ಫಿಟ್ಸ್ ಶುರು, ಮೂರು ನಿಮಿಷ ಇತ್ತು, ಎರಡೂ ಕಡೆ ಕೈಕಾಲು ಅದುರ್ತಿತ್ತು. ಎಂಟು ಗಂಟೆಗೆ ಪ್ಯಾರಾಸಿಟಮಾಲ್ ಕೊಟ್ಟಿದ್ದೆ. ಈ ವರ್ಷ ಒಂದು ಸಲ ಬಂದಿತ್ತು. ಯಾವ ಔಷಧಿಗೂ ಅಲರ್ಜಿ ಇಲ್ಲ." ಇಷ್ಟು ಕೇಳಿದ್ರೆ ಡಾಕ್ಟರಿಗೆ ಅರ್ಧ ಕೆಲಸ ಮುಗೀತು. ಕೆಜಿ ಯಾಕೆ ಅಂದ್ರೆ ಮಕ್ಕಳ ಪ್ರತಿ ಔಷಧಿ, ಡ್ರಿಪ್‌ನ ಪ್ರತಿ ಹನಿ ತೂಕದ ಲೆಕ್ಕ. ಎರಡೂ ಕಡೆನಾ ಒಂದೇ ಕಡೆನಾ ಅಂತ ಕೇಳೋದು, ಎಷ್ಟು ನಿಮಿಷ ಅಂತ ಪೀಡಿಸೋದು ಸುಮ್ಮನೆ ಅಲ್ಲ. ಹದಿನೈದು ನಿಮಿಷ ಮೀರಿದ್ರೆ, ಒಂದೇ ಪಕ್ಕ ಅದುರಿದ್ರೆ, 24 ಗಂಟೆಯೊಳಗೆ ಎರಡನೇ ಸಲ ಬಂದ್ರೆ ಅದು ಸಾಮಾನ್ಯ ಜ್ವರದ ಫಿಟ್ಸ್ ಲೆಕ್ಕಕ್ಕೆ ಬರಲ್ಲ, ಪರೀಕ್ಷೆ ಜಾಸ್ತಿ ಮಾಡ್ತಾರೆ. ಮನೇಲಿ ಇನ್ನೊಬ್ರಿದ್ರೆ ಫೋನಲ್ಲಿ ವೀಡಿಯೋ ತೆಗೆಯೋಕೆ ಹೇಳಿ. ಅಯ್ಯೋ ಇಂಥಾ ಹೊತ್ತಲ್ಲಿ ವೀಡಿಯೋನಾ ಅಂತ ಬೈಬೇಡಿ, ಡಾಕ್ಟರು ಅದನ್ನ ಎರಡೆರಡು ಸಲ ನೋಡ್ತಾರೆ.

ಸಾಮಾನ್ಯ ಜ್ವರದ ಫಿಟ್ಸ್ ಆಗಿದ್ದು ಮಗು ಪೂರ್ತಿ ಎಚ್ಚರಾದ್ರೆ ತಲೆ ಸ್ಕ್ಯಾನು, ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡೋ ಪರೀಕ್ಷೆ) ಬೇಕಾಗಲ್ಲ. "ಸ್ಕ್ಯಾನ್ ಯಾಕೆ ಮಾಡಲಿಲ್ಲ" ಅಂತ ಜಗಳಕ್ಕೆ ಬರೋರನ್ನ ದಿನಾ ನೋಡ್ತೀನಿ. ಜ್ವರ ಎಲ್ಲಿಂದ ಬಂತು ಅಂತ ಹುಡುಕೋದು ಮುಖ್ಯ: ಕಿವಿ, ಗಂಟಲು, ಮೂತ್ರ, ಎದೆ. ವರ್ಷ ತುಂಬದ ಮಗು, ಲಸಿಕೆ ಬಾಕಿ ಇರೋ ಮಗು, ಕುತ್ತಿಗೆ ಬಿಗಿ ಇರೋ ಮಗು ಆದ್ರೆ ಮೆದುಳುಜ್ವರ ಇದೆಯಾ ಅಂತ ನೋಡೋಕೆ ಬೆನ್ನಿನಿಂದ ನೀರು ತೆಗೀಬೇಕಾಗಬಹುದು ಅಂತಾರೆ. ಅದಕ್ಕೆ ಜನ ಬಹಳ ಹೆದರ್ತಾರೆ, ಕಾಲು ಹೋಗುತ್ತೆ ಅಂತ ಯಾರೋ ಹೇಳಿರ್ತಾರೆ. ಸೂಜಿ ಹಾಕೋದು ಬೆನ್ನುಹುರಿ ಮುಗಿದು ಅದರ ಕೆಳಗಿರೋ ಜಾಗದಲ್ಲಿ. ಮೆದುಳುಜ್ವರ ಇದ್ದೂ ನಮ್ಮ ಕಣ್ಣಿಗೆ ಬೀಳದೇ ಹೋದ್ರೆ ಆಗೋ ನಷ್ಟ ದೊಡ್ಡದು.

ಚೀಲಕ್ಕೆ: ತಾಯಿ ಕಾರ್ಡ್ (ಲಸಿಕೆ ಎಲ್ಲಾ ಅದರಲ್ಲಿದೆ), ಹಳೇ ಚೀಟಿಗಳು, ಮಗುವಿಗೆ ಕೊಟ್ಟ ಔಷಧಿ ಬಾಟಲಿ ಸಮೇತ, ಆಧಾರ್, ರೇಷನ್ ಕಾರ್ಡ್, ಎರಡು ಜೊತೆ ಬಟ್ಟೆ, ಚಾರ್ಜರ್. ಬಾಟಲಿನೇ ಯಾಕೆ ಅಂದ್ರೆ ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್‌ಗೆ 120 ಮಿಲಿಗ್ರಾಂ ಇರೋದೂ ಇದೆ, 250 ಇರೋದೂ ಇದೆ, ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100. ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 11 ಕೆಜಿ ಮಗುವಿಗೆ ಮೊದಲನೆಯದು ಹೆಚ್ಚುಕಮ್ಮಿ 7 ಎಂಎಲ್, ಎರಡನೆಯದು ಮೂರು ಚಿಲ್ಲರೆ. ಅಕ್ಕನ ಮನೆ ಬಾಟಲಿ ತಂದು ನಮ್ಮ ಮನೆ ಅಳತೆಯಲ್ಲಿ ಕುಡಿಸಿದ್ರೆ ಡೋಸು ಡಬಲ್ ಆಗಿಬಿಡುತ್ತೆ. "ಒಂದು ಮುಚ್ಚಳ ಕೊಟ್ಟೆ" ಅಂದ್ರೆ ನಮಗೆ ಏನೂ ತಿಳಿಯಲ್ಲ.

ಇಬ್ಬರು ದೊಡ್ಡವರು ಬನ್ನಿ. ಒಬ್ಬರು ಮಗು ಹತ್ರ, ಇನ್ನೊಬ್ಬರು ಕೌಂಟರು, ಫಾರ್ಮಸಿ, ಲ್ಯಾಬು ಅಂತ ಓಡಾಟಕ್ಕೆ. ಆರು ಜನ ಬಂದ್ರೆ ಆರು ಥರ ಕಥೆ ಹೇಳ್ತಾರೆ.


ಧಾರವಾಡ ಟೈಪಿಂಗ್

ಅಕ್ಕಾರ, ಆ ಎಂಎಲ್‌ಸಿ ಬಗ್ಗೆ ನಾ ಹೇಳ್ತೀನ್ರಿ. ನಾ ಕೋರ್ಟಿನ ಮುಂದ ಟೈಪಿಂಗ್ ಅಂಗಡಿ ಇಟ್ಟೀನಿ, ಆ ಕಾಗದ ದಿನಾ ಕಣ್ಣಿಗೆ ಬೀಳ್ತಾವು. ಮನ್ಯಾಗೂ ಆಗೇತಿ. ನನ್ನ ಮಗಳು ಮೂರು ವರ್ಷದಾಕಿ ಇದ್ದಾಗ ಬಚ್ಚಲದಾಗ ರಾಡ್ ಹಾಕಿ ಕಾಸಿದ ನೀರಿನ ಬಕೀಟ್ ಎಳಕೊಂಡು ತೊಡಿ ಮ್ಯಾಲ ಸುರುವಿಕೊಂಡ್ಳು. ನಾವು ಸುದ್ದಿ ತಿಳಿದು ಓಡಿ ಬರೂದ್ರೊಳಗ ಬಾಜೂ ಮನಿಯವ್ರು ಟೂತ್‌ಪೇಸ್ಟ್ ಬಳದು ಬಿಟ್ಟಿದ್ರು. ಆಸ್ಪತ್ರಿಯೊಳಗ ಮೊದಲ ಆ ಪೇಸ್ಟ್ ತೊಳದು ತಗದ್ರು. ಸುಟ್ಟಿದ್ದಕ್ಕಿಂತ ಆ ತೊಳ್ಯೂದಕ್ಕ ಕೂಸು ಹೆಚ್ಚು ಒದರ್ತು. ಡಾಕ್ಟರು ಹೇಳಿದ್ದು ಇಷ್ಟ: ಸುಟ್ಟ ಕೂಡ್ಲೆ ನಳದ ಕೆಳಗ ಇಪ್ಪತ್ತು ನಿಮಿಷ ತಣ್ಣೀರು ಬಿಡ್ರಿ, ಬರ್ಫ ಬ್ಯಾಡ, ಶಾಯಿ ಬ್ಯಾಡ, ಅರಿಷಿಣ ಬ್ಯಾಡ, ಸ್ವಚ್ಛ ಬಟ್ಟಿ ಮುಚ್ಚಿ ಕರಕೊಂಡು ಬರ್ರಿ. ಏನರ ಹಚ್ಚಿದ್ರ ಎಷ್ಟು ಆಳ ಸುಟ್ಟೇತಿ ಅಂತ ಕಾಣಂಗಿಲ್ಲ.

ಆಮ್ಯಾಲ ನಮಗೂ ಅದ ಪ್ರಶ್ನಿ. ಯಾರು ಇದ್ರಿ, ಬಕೀಟ್ ಎಲ್ಲಿತ್ತು, ಎಷ್ಟೊತ್ತಿಗೆ. ನಮ್ಮ ಮನಿಯಾಕಿ ಅತ್ತು ಬಿಟ್ಳು. ನನಗೂ ಸಿಟ್ಟು ಬಂದಿತ್ತು ಬಿಡ್ರಿ. ಆದ್ರ ಒಂದು ತಿಳ್ಕೋರಿ. ಸುಟ್ಟ ಗಾಯ, ವಿಷ ಕುಡದದ್ದು, ಗಾಡಿ ಹಾಯ್ದದ್ದು, ಮ್ಯಾಲಿಂದ ಬಿದ್ದದ್ದು, ಯಾರೋ ಹೊಡದಾರೇನೋ ಅಂತ ಸಂಶಯ ಇದ್ದದ್ದು, ಇವನ್ನ ರಜಿಸ್ಟರಿನಾಗ ಬರದು ಪೊಲೀಸ್ ಠಾಣೆಕ್ಕ ತಿಳಿಸೂದು ಡಾಕ್ಟರ ಕೆಲಸದಾಗ ಬರ್ತೇತಿ. ಅದು ಮೆಡಿಕೋ ಲೀಗಲ್ ಕೇಸ್. ಎಂಎಲ್‌ಸಿ ಬ್ಯಾರೆ, ಎಫ್‌ಐಆರ್ ಬ್ಯಾರೆ. ಒಬ್ಬ ಕಾನ್‌ಸ್ಟೇಬಲ್ ಬಂದು ಹೇಳಿಕಿ ಬರಕೊಂಡು, ಓದಿ ಹೇಳಿ, ಸಹಿ ತಗೊಂಡು ಹೋದ. ಮುಗೀತು. ಮಂದಿ ಮೂರು ಸಲ ಕೇಳೂದು ಉತ್ತರ ಮೂರು ಸಲನೂ ಒಂದ ಐತೋ ಇಲ್ಲೋ ನೋಡಾಕ. ನಿಮ್ಮ ಮಗಾ ಮಂಚದಿಂದ ಬಿದ್ದಾನ, ನೀವು ಅದನ್ನ ಹೇಳೀರಿ, ಭಯ ಎದಕ್ಕ? ಖರೇನ ಹೊಡತ ತಿಂದು ಬರೂ ಕೂಸುಗಳೂ ಅದಾವ್ರಿ, ಅವಕ್ಕ ಬಾಯಿ ಇರಂಗಿಲ್ಲ. ಅವರಿಗೆ ಮಾತಾಡೂದು ಈ ಪ್ರಶ್ನಿ ಅಷ್ಟ. ಎಂಎಲ್‌ಸಿ ನಂಬರ್ ಬರದು ಇಟ್ಕೋರಿ, ಮುಂದ ವಿಮಾದವ್ರು ಕೇಳ್ತಾರ. ಸಹಿ ಮಾಡೂ ಮುಂಚೆ ಓದ್ರಿ, ನಾ ಟೈಪ್ ಮಾಡಾಂವ ಹೇಳ್ತೇನಿ, "ಮಂಚದಿಂದ ಬಿದ್ದ" ಅನ್ನೂದು "ಮಾಳಿಗಿಯಿಂದ ಬಿದ್ದ" ಆಗಿದ್ದನ್ನ ಕಣ್ಣಾರೆ ಕಂಡೀನಿ.

ರೊಕ್ಕದ ಮಾತು ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಸುಪ್ರೀಂ ಕೋರ್ಟ್ 1989ರಾಗ ಪರಮಾನಂದ ಕಟಾರಾ ಕೇಸಿನಾಗ ಹೇಳೇತಿ, ಮೊದಲ ಜೀವ ಉಳಿಸ್ರಿ, ಪೊಲೀಸ್ ಕಾಗದ ಆಮ್ಯಾಲ, ಸರ್ಕಾರಿ ಡಾಕ್ಟರ್ ಇರ್ಲಿ ಖಾಸಗಿ ಇರ್ಲಿ. ನಮ್ಮ ರಾಜ್ಯದಾಗ ಖಾಸಗಿ ಆಸ್ಪತ್ರಿಗೆ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಐತಿ, 2017ರಾಗ ತಿದ್ದುಪಡಿ ಆತು. ತುರ್ತು ಇದ್ದಾಗ ಅಡ್ವಾನ್ಸ್ ಕಟ್ಟಿದ ಮ್ಯಾಲೇ ಮುಟ್ಟತೀವಿ ಅನ್ನಂಗಿಲ್ಲ. ಬಿಲ್ ಬರಂಗಿಲ್ಲ ಅಂತ ಅಲ್ರಿ, ಬಿಲ್ ಬಂದ ಬರ್ತೇತಿ. ಕೌಂಟರಿನಾಗ ಕಾಯ್ದೆ ಪಾಠ ಮಾಡಾಕ ಹೋಗಬ್ಯಾಡ್ರಿ, ಅಲ್ಲಿ ಕುಂತ ಹುಡುಗನ ಕೈಯಾಗ ಏನೂ ಇರಂಗಿಲ್ಲ. "ಡ್ಯೂಟಿ ಡಾಕ್ಟರ್ ನೋಡ್ಲಿ, ನಾ ಇಲ್ಲೇ ನಿಂತು ರೊಕ್ಕದ ವ್ಯವಸ್ಥಾ ಮಾಡ್ತೀನಿ" ಅನ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಐತಿ. ಬಂದ ಕೂಡ್ಲೆ "ಆರೋಗ್ಯ ಮಿತ್ರ ಎಲ್ಲಿ ಕುಂತಾರ" ಅಂತ ಕೇಳ್ರಿ (ಈ ಯೋಜನಾದ ಕೆಲಸಕ್ಕ ಆಸ್ಪತ್ರಿಯೊಳಗ ಇರೂ ಸಹಾಯಕರು ಅವ್ರು), ಡಿಸ್ಚಾರ್ಜ್ ದಿನಾ ಅಲ್ಲ.


ಲೆಸ್ಟರ್ ಕನ್ನಡಿಗ

ಕಾಯಿಸೋದು ಬೆಂಗಳೂರಿನ ಆಸ್ತಿ ಏನಲ್ಲ ಅಕ್ಕ. ನಾನು ಇಂಗ್ಲೆಂಡಿನಲ್ಲಿದ್ದೀನಿ. ಇಲ್ಲಿ ಎನ್‌ಎಚ್‌ಎಸ್ ಅಂದ್ರೆ ಸರ್ಕಾರಿ ಆಸ್ಪತ್ರೆಯ ಎ ಆಂಡ್ ಇನಲ್ಲಿ (ಎಮರ್ಜೆನ್ಸಿಗೆ ಇಲ್ಲಿನ ಹೆಸರು) ನಾಲ್ಕು ಗಂಟೆಯೊಳಗೆ ನೋಡಿ ಮನೆಗೋ ವಾರ್ಡಿಗೋ ಕಳಿಸಬೇಕು ಅನ್ನೋದು ಗುರಿ, ಚಳಿಗಾಲದಲ್ಲಿ ಅದು ಗೋಡೆ ಮೇಲಿನ ಬರಹ ಅಷ್ಟೇ. ಮಗಳಿಗೆ ಉಬ್ಬಸ ಬಂದಾಗ, ಅಲ್ಲಿಗೆ ಹೋದ ತಕ್ಷಣ ಒಬ್ಬ ನರ್ಸ್ ನೋಡಿ, ಆಮ್ಲಜನಕದ ಅಂಕಿ ಚೆನ್ನಾಗಿದೆ ಅಂತ ಆಟದ ಸಾಮಾನು ಇಟ್ಟಿರೋ ಮೂಲೆಗೆ ಕಳಿಸಿದ್ರು. ಬೆಳಗಿನ ಜಾವದವರೆಗೆ ಆ ಮೂಲೆಯೇ ನಮ್ಮ ಮನೆ. ದುಡ್ಡಿನ ಕೌಂಟರ್ ಇಲ್ಲ, ಅದೊಂದು ನೆಮ್ಮದಿ. ನಿಜವಾಗಲೂ ಜೀವದ ಮೇಲೆ ಬಂದ್ರೆ 999, ಹೋಗ್ಬೇಕೋ ಬೇಡ್ವೋ ಅಂತ ಅನುಮಾನ ಇದ್ರೆ 111. ಆ ಎರಡನೇ ನಂಬರ್ ಥರದ್ದು ಊರಲ್ಲೂ ಇದೆ, 104. ನಮ್ಮಮ್ಮ ಉಪಯೋಗಿಸ್ತಾರೆ.

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಾಯೋವಾಗ ಮಗುವಿಗೆ ಮುಂದೆ ಏನಾಗುತ್ತೆ ಅಂತ ನಿಜ ಹೇಳಿ. "ಚುಚ್ಚಲ್ಲ ಪುಟ್ಟ" ಅಂತ ಹೇಳಿ ಆಮೇಲೆ ಚುಚ್ಚಿಸಿದ್ರೆ ಮುಂದಿನ ಸಲ ಬಿಳಿ ಕೋಟು ಕಂಡ್ರೇ ಕಾರಿನಿಂದ ಇಳಿಯಲ್ಲ. ನಿಮ್ಮ ಮಗ ಇನ್ನೂ ಚಿಕ್ಕವನು, ಮಾತು ಅರ್ಥವಾಗದೆ ಇರಬಹುದು. ಮಡಿಲಲ್ಲೇ ಕೂರಿಸ್ಕೊಂಡು ಪರೀಕ್ಷೆ ಮಾಡಬಹುದಾ ಅಂತ ಕೇಳಿ ನೋಡಿ, ಎಷ್ಟೋ ಡಾಕ್ಟರು ಒಪ್ತಾರೆ.


ಕೊಪ್ಪ ತೋಟದವ

ನೀವೆಲ್ಲ ಪೇಟೆಯವರು, ಹತ್ತು ನಿಮಿಷಕ್ಕೊಂದು ಆಸ್ಪತ್ರೆ. ನಮ್ಮ ಕಡೆ ದೊಡ್ಡ ಡಾಕ್ಟರು ಅಂದ್ರೆ ಒಂದೋ ಶಿವಮೊಗ್ಗ, ಇಲ್ಲ ಆಗುಂಬೆ ಘಾಟಿ ಇಳಿದು ಮಣಿಪಾಲ. ಮಳೆಗಾಲದಲ್ಲಿ ಘಾಟಿ ಮೇಲೆ ಮರ ಬಿದ್ದಿದ್ರೆ ಅದೂ ಇಲ್ಲ. ಹಾಗಾಗಿ ನಾನು ಹೇಳೋದು ಸಿಸ್ಟರ್ ಹೇಳಿದ್ದಕ್ಕಿಂತ ಸ್ವಲ್ಪ ಹಿಂದಿನದು, ಆಸ್ಪತ್ರೆ ಮುಟ್ಟೋ ತನಕದ್ದು.

ಮಾರಾಯ್ರೆ, "ದೊಡ್ಡ ಆಸ್ಪತ್ರೆಗೇ ಸೀದಾ ಹೋಗಿಬಿಡುವ" ಅಂತ ಎಲ್ಲರೂ ಕಾರು ತಿರುಗಿಸ್ತಾರೆ. ಫಿಟ್ಸ್ ನಿಲ್ಲದೇ ಇರುವ ಮಗು, ಉಸಿರಿಗೆ ಒದ್ದಾಡುವ ಮಗು, ಹಾವು ಕಚ್ಚಿದ ಮಗು ಇವಕ್ಕೆಲ್ಲ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಇಳಿಬೇಕು. ಅಲ್ಲಿ ಆಮ್ಲಜನಕ ಉಂಟು, ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಉಂಟು, ಹಾವಿನ ಔಷಧಿ ಉಂಟು, ಅದೂ ಸರ್ಕಾರಿಯಲ್ಲಿ ಪುಕ್ಕಟೆ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ 2024ರಲ್ಲಿ ಕರ್ನಾಟಕದಲ್ಲಿ ನಿಯಮ ಬಂತಲ್ಲ, ಆ ಮೇಲೆ ಸ್ವಲ್ಪ ಗಮನ ಜಾಸ್ತಿಯಾಗಿದೆ ಅಂತ ನನ್ನ ಅನಿಸಿಕೆ. ಹಗ್ಗ ಬಿಗಿಯೋದು, ಕೊಯ್ಯೋದು, ನಾಟಿ ಮದ್ದಿಗೆ ಅಂತ ಅರ್ಧ ದಿನ ಕಳೆಯೋದು ಮಾಡಬೇಡಿ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ, ಬಿಗಿಯದೆ ಸಡಿಲವಾಗಿ ಕಟ್ಟಿ, ಎತ್ತಿಕೊಂಡು ಬನ್ನಿ, ಮಗುವನ್ನು ನಡೆಸಬೇಡಿ.

108 ಬರಲು ತಡ ಆಗ್ತದೆ ಅಂತ ಬೈಯುವವರು ಉಂಟು, ನಮ್ಮ ರಸ್ತೆಗೆ ಅದು ಸತ್ಯವೂ ಹೌದು. ಆದರೂ ಫೋನ್ ಮಾಡಿ, ಎದುರು ಬರಲು ಹೇಳಿ, ನೀವು ಜೀಪಿನಲ್ಲಿ ಹೊರಟು ದಾರಿಯಲ್ಲಿ ಸಿಕ್ಕಿದಲ್ಲಿ ಬದಲಾಯಿಸಿಕೊಳ್ಳಿ. ಅದರಲ್ಲಿ ಆಮ್ಲಜನಕ ಮತ್ತು ತರಬೇತಿ ಆದವರು ಇರ್ತಾರೆ. ನಿಮ್ಮ ಜೀಪಿನಲ್ಲಿ ಅಡಿಕೆ ಚೀಲ ಮಾತ್ರ.

ಮತ್ತೆ ಅಲ್ಲಿಂದ ಮುಂದೆ ಕಳಿಸುವಾಗ ಬರೀ ಕೈಯಲ್ಲಿ ಹೊರಡಬೇಡಿ. ಯಾವ ಇಂಜೆಕ್ಷನ್, ಎಷ್ಟು ಗಂಟೆಗೆ ಅಂತ ಬರೆದ ರೆಫರ್ ಚೀಟಿ ಕೇಳಿ. "ಅಲ್ಲಿ ಮಕ್ಕಳ ಐಸಿಯುನಲ್ಲಿ ಹಾಸಿಗೆ ಉಂಟಾ ಅಂತ ಒಂದು ಫೋನ್ ಮಾಡ್ತೀರಾ ಡಾಕ್ಟ್ರೇ" ಅಂತ ಕೇಳಿ. ಬಾಗಿಲಿಗೆ ಹೋಗಿ ಹಾಸಿಗೆ ಇಲ್ಲ ಅನ್ನಿಸಿಕೊಂಡು ಇನ್ನೊಂದು ಊರಿಗೆ ತಿರುಗುವಷ್ಟು ದೊಡ್ಡ ಕಷ್ಟ ಇನ್ನೊಂದಿಲ್ಲ. ನಾಗಸಂದ್ರದ ಅಕ್ಕನಿಗೂ ಇದೇ ಮಾತು: ನಿಮ್ಮ ಸುತ್ತಮುತ್ತ ರಾತ್ರಿ ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆ ಯಾವುದು ಅಂತ ಈಗಲೇ, ಮಗು ಆಡಿಕೊಂಡಿರುವಾಗಲೇ, ವಿಚಾರಿಸಿ ಇಟ್ಟುಕೊಳ್ಳಿ.


ನಾಗಸಂದ್ರದ ಅಮ್ಮ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಎಂಎಲ್‌ಸಿ ಬಗ್ಗೆ ಬರೆದಿದ್ದನ್ನ ನಮ್ಮೆಜಮಾನ್ರಿಗೆ ಓದಿ ಹೇಳಿದೆ, ಸುಮ್ಮನೆ ಕೇಳಿಸ್ಕೊಂಡು "ಸರಿ ಬಿಡು" ಅಂದ್ರು. ಅವರ ಮಟ್ಟಿಗೆ ಅದೇ ದೊಡ್ಡದು. ಸಿಸ್ಟರ್, ಎರಡು ಪ್ರಶ್ನೆ ಉಳೀತು. ಒಂದು, ಅತ್ತೆಯ ಬೀಗದ ಕೈಗೆ ನಾನು ಏನು ಉತ್ತರ ಕೊಡ್ಲಿ? ಎರಡು, ಡಾಕ್ಟರು ಫಿಟ್ಸ್ ನಿಲ್ಲಿಸೋಕೆ ಮೂಗಿಗೆ ಹೊಡೆಯೋ ಒಂದು ಸ್ಪ್ರೇ ಬರೆದು ಕೊಟ್ಟಿದ್ದಾರೆ, ಮಿಡಜೋಲಾಮ್ ಅಂತ. ಬರೋ ತಿಂಗಳಿಂದ ನಾನು ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್ ಹೋಗ್ತೀನಿ, ಮಗು ಹಗಲು ಅತ್ತೆ ಹತ್ರ. ಅವರ ಕೈಗೆ ಅದನ್ನ ಕೊಡಬಹುದಾ?


ಕ್ಯಾಶುಯಾಲ್ಟಿ ಸಿಸ್ಟರ್, ಮೈಸೂರು

ನೈಟ್ ಡ್ಯೂಟಿ ಮುಗಿಸಿ ಈಗ ನೋಡ್ದೆ.

ಬೀಗದ ಕೈ: ಜ್ವರದ ಫಿಟ್ಸ್ ಬಹುಪಾಲು ಎರಡು ಮೂರು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ. ಬೀಗದ ಕೈ ಹುಡುಕಿ ತರೋಕೂ ಅಷ್ಟೇ ಹೊತ್ತು ಹಿಡಿಯುತ್ತೆ. ಹಾಗಾಗಿ ನಿಮ್ಮತ್ತೆ ಯಾವತ್ತೂ ಸೋಲಲ್ಲ, ಅವರ ಜೊತೆ ವಾದ ಮಾಡಿ ನಿಮಗೆ ಗೆಲುವಿಲ್ಲ. "ಕೈಯಲ್ಲಿ ಏನಾದ್ರೂ ಇಡಿ ಅತ್ತೆ, ಬಾಯಲ್ಲಿ ಮಾತ್ರ ಏನೂ ಬೇಡ" ಅಂತ ಒಪ್ಪಂದ ಮಾಡ್ಕೊಳ್ಳಿ. ಹಲ್ಲು ಕಚ್ಚಿದೆ ಅಂತ ಚಮಚ ತುರುಕಿ, ಹಲ್ಲು ಮುರಿದು ಆ ಚೂರು ಗಂಟಲಿಗೆ ಹೋದ ಮಗೂನ ನೋಡಿದ್ದೀನಿ. ನೀರು ಕುಡಿಸೋದು, ಈರುಳ್ಳಿ ರಸ ಮೂಗಿಗೆ ಬಿಡೋದು, ಗಟ್ಟಿಯಾಗಿ ಅದುಮಿ ಹಿಡಿಯೋದು ಯಾವುದೂ ಬೇಡ. ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಂದ ಬಂದಿದ್ದು ಹೊರಗೆ ಹರಿದು ಹೋಗೋ ಹಾಗೆ. ಕುತ್ತಿಗೆ ಹತ್ರ ಬಿಗಿ ಇರೋ ಬಟ್ಟೆ, ತಾಯತದ ದಾರ ಸಡಿಲ ಮಾಡಿ. ಗಡಿಯಾರ ನೋಡಿ.

ಸ್ಪ್ರೇ ಅತ್ತೆಗೆ ಕೊಡಬಹುದು, ಆದ್ರೆ ಕೈಗೆ ಕೊಟ್ಟು ಬರೋದಲ್ಲ, ತೋರಿಸಿ ಕೊಡ್ಬೇಕು. ಐದು ನಿಮಿಷ ಆದ್ರೂ ನಿಲ್ಲದಿದ್ರೆ ಅದನ್ನ ಹಾಕಬೇಕು, ಶುರುವಾದ ತಕ್ಷಣ ಅಲ್ಲ. ಹಾಗಂತ ಎಲ್ಲಾ ಡಾಕ್ಟರೂ ಒಂದೇ ಥರ ಬರೆಯಲ್ಲ, ನಿಮ್ಮ ಚೀಟಿಯಲ್ಲಿ ಏನಿದೆಯೋ ಅದೇ ಸರಿ. ಹೊಸ ಬಾಟಲಿ ಆದ್ರೆ ಮೊದಲು ಗಾಳಿಗೆ ಒತ್ತಿ ಔಷಧಿ ಬರ್ತಿದೆಯಾ ಅಂತ ನೋಡಿಟ್ಟಿರಬೇಕು, ಇಲ್ಲಾಂದ್ರೆ ಮೊದಲ ಒತ್ತು ಬರೀ ಗಾಳಿ. ಯಾವ ಹೊಳ್ಳೆಗೆ ಎಷ್ಟು ಸಲ ಒತ್ತಬೇಕು ಅನ್ನೋದು ತೂಕದ ಮೇಲೆ. ಡಾಕ್ಟರ ಕೈಯಲ್ಲೇ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಫ್ರಿಜ್ ಬಾಗಿಲಿಗೆ ಅಂಟಿಸಿ. ಮಗು ತೂಕ ಏರಿದ ಹಾಗೆ ಅದು ಬದಲಾಗುತ್ತೆ, ಮೂರು ನಾಲ್ಕು ತಿಂಗಳಿಗೊಮ್ಮೆ ಕೇಳಿ. ಸ್ಪ್ರೇ ಹಾಕಿದ ಮೇಲೆ ಮಗು ಗಾಢವಾಗಿ ಮಲಗುತ್ತೆ, ಆಗ ಎದೆ ಏರಿಳೀತಿದೆಯಾ ಅಂತ ನೋಡ್ತಾನೇ ಇರಬೇಕು, ಮತ್ತೆ ಆಸ್ಪತ್ರೆಗೆ ಬರಲೇಬೇಕು. ನಿಂತಿತಲ್ಲ ಅಂತ ಮನೇಲೇ ಉಳಿಯೋ ಹಾಗಿಲ್ಲ.

ಅದೇ ಕಾಗದದಲ್ಲಿ 108, ನಿಮ್ಮ ನಂಬರ್, ನಿಮ್ಮ ಸೂಪರ್‌ವೈಸರ್ ನಂಬರ್ ಬರೀರಿ. ಗಾರ್ಮೆಂಟ್ಸಲ್ಲಿ ಫೋನ್ ಲಾಕರಿಗೆ ಹಾಕಿಸ್ತಾರಲ್ಲ, ನಮ್ಮ ವಾರ್ಡಿಗೆ ಬರೋ ಎಷ್ಟೋ ಅಮ್ಮಂದಿರಿಗೆ ಸುದ್ದಿ ತಲುಪೋದೇ ಶಿಫ್ಟ್ ಮುಗಿದ ಮೇಲೆ.